ದಾವಲಸಾಬರ ಕತ್ತಿನ ಅಚ್ಚು

ನಾನೊಂದು ಮುಖವಾಡ. ವೇಷ ಕಟ್ಟುವುದಲ್ಲ ಮಾರಾಯರೇ, ಕ್ಯಾನ್ಸರಿಗೆ ಕರೆಂಟು, ಅಂದರೆ ವಿಕಿರಣ, ಕೊಡುವಾಗ ತಲೆ ಅಲುಗದಂತೆ ಹಿಡಿಯುವ ಪ್ಲಾಸ್ಟಿಕ್ ಜಾಲರಿ. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಬಿಸಿನೀರಿಗೆ ಮೆತ್ತಗಾದ ನನ್ನನ್ನು ಟೆಕ್ನಿಷಿಯನ್ ನೀಲಾಂಬಿಕಾ ದಾವಲಸಾಬರ ಮುಖದ ಮೇಲೆ ಎಳೆದಳು. ಅವರ ಗಿಡ್ಡ ಮೂಗು, ಕತ್ತಿನ ಎಡಗಡೆ ನಿಂಬೆಹಣ್ಣಿನಷ್ಟು ಗಂಟು, ಎಲ್ಲವೂ ನನ್ನದಾಯಿತು.

ದಾವಲಸಾಬರು ರಫೂ ಕೆಲಸದವರು. ಹರಿದ ರೇಷ್ಮೆ ಸೀರೆಯನ್ನು ಎಳೆಗೆ ಎಳೆ ಸೇರಿಸಿ, ಹರಿದದ್ದೇ ತಿಳಿಯದಂತೆ ಮಾಡುವವರು. ಡಾಕ್ಟರಮ್ಮ ಅವರ ಕಸಬಿನ ಭಾಷೆಯಲ್ಲೇ ಹೇಳಿದರು: "ಕರೆಂಟು ಗಂಟಿನೊಳಗಿನ ಡಿಎನ್‌ಎ ಎಳಿ ಹರೀತೈತಿ. ಆದ್ರ ಅಲ್ಲೂ ಒಬ್ಬ ರಫೂಗಾರ ಅದಾನ, ಮತ್ತ ಕೂಡಸ್ತಾನ. ಈ ಗುಳಿಗಿ ಅವನ ಕೈ ಕಟ್ಟತೈತಿ. ಹೊಸಾ ಔಷಧ, ಇನ್ನೂ ಪರೀಕ್ಷಾದಾಗ ಐತಿ. ಒಂದು ದಿನಾನೂ ತಪ್ಪಿಸಬ್ಯಾಡ್ರಿ."

"ನನ್ನ ಕಸಬಿನವನ ಕೈ ಕಟ್ಟಾಕ ನಾನ ಸಹಿ ಹಾಕೂದೇನ್ರೀ!" ಎಂದು ನಕ್ಕು ದಾವಲಸಾಬರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು.

ನನಗೆ ದಿನವೂ ಕಸಿವಿಸಿ. ಅವರ ಮುಖದ ಮೇಲಿಟ್ಟು ನನ್ನನ್ನು ಮೇಜಿಗೆ ಬಿಗಿಯುತ್ತಿದ್ದರು. ಅವರು ಅಲುಗಬಾರದು, ನಾನು ಸಡಿಲಬಾರದು.

ನಾಲ್ಕನೇ ವಾರ ಸಡಿಲವಾದೆ. ಅಯ್ಯೋ, ನನ್ನದೇ ತಪ್ಪು ಅಂದುಕೊಂಡೆ! ದಾವಲಸಾಬರಿಗೂ ಗೊತ್ತಾಯಿತು. ಹೇಳಿದರೆ ಹೊಸ ಅಚ್ಚು, ಎರಡು ದಿನ ಕರೆಂಟು ಇಲ್ಲ, ಅಷ್ಟರಲ್ಲಿ ಗಂಟಿನೊಳಗಿನ ರಫೂಗಾರ ಎಲ್ಲ ಹೊಲಿದುಬಿಟ್ಟರೆ? ಮರುದಿನ ಬೆಳಿಗ್ಗೆ ನೀಲಾಂಬಿಕಾ ಇಲ್ಲದಾಗ ನನ್ನನ್ನು ಕಪಾಟಿನಿಂದ ತೆಗೆದು, ಜೇಬಿನ ಸೂಜಿಯಿಂದ ತೂತುಗಳಲ್ಲಿ ದಾರ ಪೋಣಿಸಿ ಎಡಗಡೆ ಬಿಗಿದೇಬಿಟ್ಟರು. ಎಂಥ ಕೈಚಳಕ! ಆದರೆ ನನ್ನ ಮೂಗು ವಾಲಿತು.

ಅವರನ್ನು ಮಲಗಿಸಿ ನನ್ನನ್ನು ಬಿಗಿದಾಗ, ಕರೆಂಟಿನ ಜಾಗ ತೋರಿಸಲು ಗೋಡೆಯಿಂದ ಬೀಳುವ ಕೆಂಪು ಬೆಳಕು ನನ್ನ ಮೇಲಿನ ಗುರುತಿಗೆ ಕೂಡಲಿಲ್ಲ. ನೀಲಾಂಬಿಕಾ ಬೆರಳಾಡಿಸಿ ದಾರ ಹಿಡಿದಳು.

"ಯಾರ್ರೀ ಹೊಲದವ್ರು? ಗಂಟು ಬಿಟ್ಟು ಬ್ಯಾರೆ ಕಡೆ ಬೀಳ್ತಿತ್ತಲ್ರೀ ಕರೆಂಟು!"

"ಸಡ್ಲ ಆಗಿತ್ತವ್ವಾ. ನಿಲ್ಲಸಬ್ಯಾಡ, ಅಂವ ಹೊಲೀತಾನ," ಎಂದು ದಾವಲಸಾಬರು ಅತ್ತೇಬಿಟ್ಟರು.

ಅವಳು ದಾರ ಕತ್ತರಿಸಿ ನನ್ನನ್ನು ಬಿಚ್ಚಿದಳು. "ಯಾಕ ಸಡ್ಲ ಆತು? ಕುತ್ತಿಗಿ ಮುಟ್ಟಿ ನೋಡ್ಕೊಳ್ರಿ."

ಮುಟ್ಟಿದರು. ನಿಂಬೆಹಣ್ಣು ಕಡಲೆಕಾಳಾಗಿತ್ತು. ಗುಳಿಗೆಯೋ, ಕರೆಂಟೋ, ಎರಡೂ ಸೇರಿಯೋ, ಯಾರಿಗೂ ಇನ್ನೂ ತಿಳಿಯದು. ಹೊಸ ಅಚ್ಚು ಅದೇ ಮಧ್ಯಾಹ್ನ ತಯಾರಾಯಿತು.

ಕಸಕ್ಕೆ ಹೋಗಬೇಕಿದ್ದ ನನ್ನನ್ನು ಅವರು ಕೇಳಿ ಪಡೆದು ಅಂಗಡಿಗೆ ತಂದರು. ಕರೆಂಟು ಕೊಟ್ಟು ಮುಗಿಯುವಷ್ಟರಲ್ಲಿ ಆ ಕಡಲೆಕಾಳೂ ಕರಗಿತು. ಈಗ ಅಂಗಡಿಯ ಮೊಳೆಗೆ ತೂಗುತ್ತೇನೆ. ಮೂರು ತಿಂಗಳಿಗೊಮ್ಮೆ ಅವರು ತಪಾಸಣೆಗೆ ಹೋದ ದಿನ ನನಗೆ ಜೀವದಲ್ಲಿ ಜೀವ ಇರುವುದಿಲ್ಲ. ಬಂದವರೇ ತಮ್ಮ ಕತ್ತು ಮುಟ್ಟಿಕೊಂಡು, ನನ್ನ ಎಡಗಡೆಯ ಉಬ್ಬಿನೊಳಗೆ ದಾರದುಂಡೆ ತುರುಕುತ್ತಾರೆ. ಆ ಗಂಟು ಈಗಿರುವುದು ನನ್ನಲ್ಲಿ ಮಾತ್ರ. ಇಲ್ಲೇ ಇರಲಿ. ಬಿಗಿಯಾಗಿ ಹಿಡಿದುಕೊಳ್ಳುವುದೊಂದೇ ನನಗೆ ಬರುವ ಕೆಲಸ.