ರಟ್ಟಿನ ಮರೆ

ಸೈಬರ್ ಪೊಲೀಸ್ ಠಾಣೆಯ ಎದುರೇ ನನ್ನ ಜೆರಾಕ್ಸ್ ಅಂಗಡಿ. ದೂರು ಕೊಡಲು ಬಂದವರು ಮೊದಲು ನನ್ನ ಮೆಟ್ಟಿಲು ಹತ್ತಲೇಬೇಕು; ಸ್ಕ್ರೀನ್‌ಶಾಟುಗಳನ್ನು ಕಾಗದದ ಮೇಲೆ ತರದಿದ್ದರೆ ಒಳಗೆ ಯಾರೂ ಕ್ಯಾರೇ ಅನ್ನುವುದಿಲ್ಲ. ಹೆಣ್ಣುಮಕ್ಕಳು ತರುವ ಚಿತ್ರಗಳನ್ನು ನಾನು ನೋಡುವುದಿಲ್ಲ. ಕಂಪ್ಯೂಟರಿಗೆ ಒಂದು ರಟ್ಟು ಅಡ್ಡ ಕಟ್ಟಿದ್ದೇನೆ. ಮೇಲೆ ಎರಡು ಬೆರಳಗಲ ಮಾತ್ರ ಕಾಣುತ್ತದೆ; ಅಲ್ಲಿ ವೆಬ್ ವಿಳಾಸ, ತಾರೀಕು ಇದೆಯೇ ಎಂದು ನೋಡಿ, ಪ್ರಿಂಟನ್ನು ಬೋರಲಾಗಿಯೇ ಲಕೋಟೆಗೆ ತುಂಬುತ್ತೇನೆ. ಈ ರಟ್ಟಿನ ಬಗ್ಗೆ ಮನೆಯಲ್ಲಿ ಜಂಬ ಕೊಚ್ಚಿಕೊಂಡದ್ದಕ್ಕೆ ಲೆಕ್ಕವಿಲ್ಲ. "ನಿಮ್ಮ ರಟ್ಟಿಗೊಂದು ಸನ್ಮಾನ ಮಾಡಿಸೋಣ" ಎಂದು ಹೆಂಡತಿ ಛೇಡಿಸುತ್ತಿದ್ದಳು. ಮಗಳು ನಗುತ್ತಿದ್ದಳು.

ಹೋದ ತಿಂಗಳು ಒಬ್ಬ ಹುಡುಗಿ ಪೆನ್‌ಡ್ರೈವ್ ತಂದಳು. "ನನ್ನ ಫ್ರೆಂಡ್‌ದು ಅಂಕಲ್. ಯಾರೋ ಕೆಟ್ಟ ಫೋಟೋಗಳಿಗೆ ಅವಳ ಮುಖ ಅಂಟಿಸಿ ಹಾಕಿದಾರೆ. ಅವಳು ಹೊರಗೇ ಬರಲ್ಲ ಅಂತಾಳೆ."

ಒಂಬತ್ತು ಪುಟ. ಎಲ್ಲದರಲ್ಲೂ ವಿಳಾಸವೇ ಕತ್ತರಿಸಿಹೋಗಿತ್ತು. ನನಗೆ ರೇಗಿತು. "ಇದನ್ನ ತಗೊಂಡು ಹೋದ್ರೆ ಹಾಗೇ ವಾಪಸ್ ಕಳಿಸ್ತಾರೆ. ಒಂದೊಂದನ್ನೂ ಮತ್ತೆ ತೆರೆದು, ನೆಟ್ಟಗೆ ನೋಡ್ಕೊಂಡು, ಹೊಸದಾಗಿ ಸ್ಕ್ರೀನ್‌ಶಾಟ್ ತೆಗಿಯೋಕೆ ಹೇಳು. ಅಳ್ತಾ ಕೂತ್ರೆ ಕೆಲಸ ಆಗಲ್ಲ."

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದರೆ ಮಗಳು ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ತಲೆನೋವಂತೆ. "ಮೂರು ಹೊತ್ತೂ ಆ ಮೊಬೈಲ್ ನೋಡ್ತಿದ್ರೆ ತಲೆ ನೋಯದೆ ಇನ್ನೇನಾಗತ್ತೆ!" ಎಂದು ಹೊರಗಿನಿಂದಲೇ ಕೂಗಾಡಿದೆ.

ಸಂಜೆ ಆ ಹುಡುಗಿ ಮತ್ತೆ ಬಂದಳು. ಒಂಬತ್ತೂ ಸರಿಯಾಗಿದ್ದವು. "ನೋಡು, ಹೇಳಿದ್ರೆ ಬರತ್ತೆ" ಎಂದು ಬೀಗಿದೆ.

ನಿನ್ನೆ ಮಗಳೇ ಅಂಗಡಿಗೆ ಬಂದಳು. ಸೊರಗಿ ಕಡ್ಡಿಯಾಗಿದ್ದಳು. "ಅಪ್ಪಾ, ಇದೊಂದು ಜೆರಾಕ್ಸ್" ಎಂದು, ದೂರು ತೆಗೆದುಕೊಂಡದ್ದಕ್ಕೆ ಠಾಣೆಯವರು ಕೊಟ್ಟ ರಸೀದಿಯನ್ನು ನನ್ನ ಮುಂದಿಟ್ಟಳು. ಬೋರಲಾಗಿ ಅಲ್ಲ, ಅಂಗಾತ. ದೂರು ಕೊಟ್ಟವರ ಜಾಗದಲ್ಲಿ ಅವಳ ಹೆಸರಿತ್ತು. ಕೆಳಗೆ, ಲಗತ್ತು ಒಂಬತ್ತು ಪುಟ.

"ಬೇರೆ ಅಂಗಡಿ ಇರ್ಲಿಲ್ವೇನೇ?"

"ಬೇರೆಯವ್ರು ನೋಡ್ತಾರಪ್ಪಾ. ನೀನು ನೋಡಲ್ಲ ಅಂತ ಗೊತ್ತಿತ್ತು."

ಒಂಬತ್ತನ್ನೂ ಅವಳ ಕೈಯಿಂದಲೇ ಮತ್ತೊಮ್ಮೆ ತೆರೆಸಿದವನು ನಾನು. ನೆಟ್ಟಗೆ ನೋಡಿಕೋ ಎಂದವನೂ ನಾನೇ. ತಪ್ಪಾಯಿತು ಎನ್ನಬೇಕಿತ್ತು. ಬಾಯಿಗೆ ಬಂದದ್ದು ಬೇರೆ.

"ತಲೆನೋವು ಹೋಯ್ತಾ ಮಗಳೇ?"

ಇಲ್ಲವೆಂದು ತಲೆಯಾಡಿಸಿದಳು.