ಬಾವಿಯ ಬಳಿ ಒಂದು ಬೆಂಚು

ಹೊಳೆಮಾಳ ಪಟ್ಟಣ ಪಂಚಾಯಿತಿಯ ಹೊಸ ಕಟ್ಟಡದ ನಕ್ಷೆ ಮೈಸೂರಿನಿಂದ ಸಿದ್ಧವಾಗಿಯೇ ಬಂದಿತ್ತು. ಅದರಲ್ಲಿ ಯಾರೂ ಏನನ್ನೂ ಬದಲಾಯಿಸುವಂತಿರಲಿಲ್ಲ. ಕಟ್ಟಡದ ಸುತ್ತ ಉಳಿಯುವ ಜಾಗದಲ್ಲಿ ಏನಿರಬೇಕು ಎಂಬುದನ್ನು ಮಾತ್ರ ಸದಸ್ಯರು ತೀರ್ಮಾನಿಸಬಹುದಿತ್ತು. ಹಾಗಾಗಿ ಎಲ್ಲರ ಅಭಿಪ್ರಾಯಗಳೂ ಆ ಜಾಗದ ಮೇಲೆಯೇ ಬಂದು ಬಿದ್ದವು.

ಇದು ಎರಡು ಸಾವಿರದ ಎರಡನೇ ಇಸವಿಯ ಮಾತು. ಹೊಳೆಮಾಳ ಇರುವುದು ಟಿ. ನರಸೀಪುರದಿಂದ ನಂಜನಗೂಡಿಗೆ ಹೋಗುವ ದಾರಿಯಲ್ಲಿ. ಅಂಗಳದ ವಿನ್ಯಾಸ ಮಾಡಲು ಬಂದ ಪಲ್ಲವಿ ನಂಜನಗೂಡಿನ ಹುಡುಗಿ; ಮೈಸೂರಿನಲ್ಲಿ ಆರ್ಕಿಟೆಕ್ಟ್. ಮೊದಲ ಸಭೆಯಲ್ಲೇ ಒಬ್ಬ ಸದಸ್ಯರು ಕಾರಂಜಿ ಬೇಕೆಂದರು. ಊರಿನ ನಲ್ಲಿಗಳಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಕಾರಂಜಿಯನ್ನೂ ದಿನ ಬಿಟ್ಟು ದಿನ ಚಿಮ್ಮಿಸಬಹುದು ಎಂದು ಒಪ್ಪಿಗೆಯಾಯಿತು. ಇನ್ನೊಬ್ಬರು ತೆಂಗಿನ ಸಸಿ ನೆಡೋಣ ಎಂದರು. ಕಾಯಿ ಯಾರಿಗೆ ಸೇರಬೇಕು ಎಂಬ ಚರ್ಚೆ ಊಟದ ಹೊತ್ತಿನವರೆಗೂ ನಡೆದು ತೆಂಗು ಬಿದ್ದುಹೋಯಿತು.

ಉಪಾಧ್ಯಕ್ಷ ಗುರುಮಲ್ಲಪ್ಪನವರ ಸಲಹೆ ಮೂಲೆಯ ಹಳೇ ಬಾವಿಯದು. "ಅದನ್ನ ಮುಚ್ಚಿಸ್ಬುಟ್ಟು ಮ್ಯಾಲೆ ಅಧ್ಯಕ್ಷರ ಕಾರಿಗೊಂದು ಶೆಡ್ ಮಾಡ್ಬುಡಿ ಮೇಡಂ."

ಅಧ್ಯಕ್ಷೆ ಚನ್ನಾಜಮ್ಮನವರಿಗೆ ಕಾರಿರಲಿಲ್ಲ. ಅವರು ದಿನಾ ಊರ ತೆಂಕಣ ಕೇರಿಯಿಂದ ನಡೆದುಕೊಂಡೇ ಬರುತ್ತಿದ್ದರು. ಮೀಸಲಾತಿಯಲ್ಲಿ ಅಧ್ಯಕ್ಷರಾದವರು; ಸಭೆಯಲ್ಲಿ ಕಡಿಮೆ ಮಾತಾಡುತ್ತಿದ್ದರು. ಅವತ್ತು ಮಾತಾಡಿದರು.

"ಬಾವಿ ಇರ್ಲಿ. ಹೂಳೆತ್ತಿಸಿ, ಜಾಲರಿ ಹಾಕ್ಸಿ. ಗಿಡಕ್ಕೆ ನೀರಾಯ್ತದೆ. ಅದ್ರಿಂದ ಈಚೆಗೆ ಒಂದು ಕಲ್ಲುಬೆಂಚು, ನೆರಳಿಗೊಂದು ಹೊಂಗೆ ಮರ."

"ಬೆಂಚು ಎಲ್ಲಿಗೆ ಬರ್ಬೇಕು ಮೇಡಂ?" ಎಂದು ಪಲ್ಲವಿ ಕೇಳಿದಳು.

"ನಮ್ಮವ್ವ ನಿಂತ್ಕತಿದ್ದ ಜಾಗಕ್ಕೆ."

ಯಾರೂ ವಿವರಣೆ ಕೇಳಲಿಲ್ಲ. ಒಂದು ಕಾಲಕ್ಕೆ ಆ ಬಾವಿಯನ್ನು ಕೇರಿಯವರು ಮುಟ್ಟುವಂತಿರಲಿಲ್ಲ. ದೂರ ನಿಂತು, ಯಾರಾದರೂ ನೀರು ಹೊಯ್ಯುವವರೆಗೆ ಬಿಸಿಲಲ್ಲಿ ಕಾಯಬೇಕಿತ್ತು. ಇದು ಪಲ್ಲವಿಯೊಬ್ಬಳನ್ನು ಬಿಟ್ಟು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವಳಿಗೆ ಚನ್ನಾಜಮ್ಮ ಆಮೇಲೆ ಹೇಳಿದರು.

ಮುಂದಿನ ವಾರ ಸದಸ್ಯರೆಲ್ಲ ಜಾಗ ನೋಡಲು ಹೋದಾಗ ಚನ್ನಾಜಮ್ಮ ತಾಯಿ ರಾಚಮ್ಮನವರನ್ನೂ ಕರೆತಂದಿದ್ದರು. ಎಪ್ಪತ್ತು ದಾಟಿದ ಮುದುಕಿ. ಪಲ್ಲವಿ ಬಾವಿಯ ಹತ್ತಿರ ಸುಣ್ಣದ ಪುಡಿಯಲ್ಲಿ ಗುರುತು ಹಾಕಿ, "ಇಲ್ಲೇನಾ ಅಜ್ಜಿ?" ಎಂದಳು.

"ಅಷ್ಟತ್ರ ಎಲ್ಲವ್ವ ಬುಡ್ತಿದ್ರು?" ಎನ್ನುತ್ತ ರಾಚಮ್ಮ ಹಿಂದೆ ಹಿಂದೆ ನಡೆದು ಒಂದು ಕಡೆ ನಿಂತರು.

ಪಲ್ಲವಿ ನಕ್ಷೆ ಬಿಡಿಸಿ ನೋಡಿದಳು. "ಅಜ್ಜಿ, ಇಲ್ಲಿ ಗಾಡಿ ಬರೋ ದಾರಿ ಇದೆ."

"ಆಗ ಇರ್ನಿಲ್ಲ ಕಣವ್ವ."

ಗುರುಮಲ್ಲಪ್ಪನವರಿಗೆ ತಾಳ್ಮೆ ತಪ್ಪಿತು. "ಅಲ್ಲ ಚನ್ನಾಜಮ್ನೋರೇ, ಒಂದು ಬೆಂಚಿಗೋಸ್ಕರ ರಸ್ತೆ ಸೊಟ್ಟ ಮಾಡಕಾಯ್ತದಾ? ಒಸಿ ಪಕ್ಕಕ್ಕೆ ಹಾಕ್ಸಿ. ಐವತ್ತು ವರ್ಸದ್ ಹಿಂದೆ ಎಲ್ಲಿ ನಿಂತಿದ್ರು ಅಂತ ಯಾರಿಗೆ ನೆಪ್ಪಿರ್ತದೆ?"

"ನಂಗೆ ನೆಪ್ಪದೆ, ಬುದ್ಧಿ," ಎಂದರು ರಾಚಮ್ಮ. "ನಿಮ್ಮಕ್ಕ ಚಿನ್ನಮ್ಮೋರು ನೀರಿಗೆ ಬಂದ್ರೆ ಬಿರ್ನೆ ಉಯ್ದು ಕಳ್ಸೋರು. ಒಳ್ಳೇ ತಾಯಿ. ನೀವೂ ಅವ್ರಿಂದೆ ಬತ್ತಿದ್ರಿ. ಆ ಕಟ್ಟೆ ಮ್ಯಾಲೆ ಕೂತ್ಕಂಡು ನನ್ ಮಡ್ಕೆಗೆ ಕಲ್ಲೆಸೀತಿದ್ರಿ. ಗುರಿ ಸಂದಾಗಿತ್ತು. ಒಂದೂ ತಪ್ಪುತಿರ್ನಿಲ್ಲ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಕೇಳಿದವರಿಗೆ ಹೊಗಳಿದಂತೆಯೇ ಇತ್ತು.

ಗುರುಮಲ್ಲಪ್ಪ ಬಾವಿಯ ಕಡೆ ನೋಡಿದರು. "ಆಗ ನಂಗೇನು ವಯಸ್ಸು..."

"ಸಣ್ಣೋರು," ಎಂದು ರಾಚಮ್ಮ ಒಪ್ಪಿಕೊಂಡರು. "ಅದ್ಕೇ ನಾ ಏನೂ ಅನ್ನಾಕಾಯ್ತಿರ್ನಿಲ್ಲ. ದೊಡ್ಡೋರಾಗಿದ್ರೂ ಅನ್ನಾಕಾಯ್ತಿರ್ನಿಲ್ಲ, ಬುಡಿ."

ಒಬ್ಬ ಸದಸ್ಯರು ಕೆಮ್ಮಿದರು. ಇನ್ನೊಬ್ಬರು ಕಾಂಪೌಂಡು ಎಷ್ಟು ಎತ್ತರ ಬರುತ್ತದೆ ಎಂದು ಪಲ್ಲವಿಯನ್ನು ವಿಚಾರಿಸಿದರು. ಅವಳು ರಾಚಮ್ಮನವರ ಕಾಲ ಸುತ್ತ ಸುಣ್ಣದ ಗೆರೆ ಎಳೆದಳು.

ಆ ಸಂಜೆ ಮನೆಯಲ್ಲಿ ಚನ್ನಾಜಮ್ಮನವರಿಗೆ ಅನ್ನ ಸೇರಲಿಲ್ಲ. ಕಾದು ನಿಂತ ಕತೆಯನ್ನು ಅವ್ವ ಎಷ್ಟೋ ಸಲ ಹೇಳಿದ್ದಳು. ಕಲ್ಲಿನ ವಿಷಯ ಒಮ್ಮೆಯೂ ಹೇಳಿರಲಿಲ್ಲ.

"ಯಾಕವ್ವ ನಂಗೆ ಯೋಳ್ನಿಲ್ಲ?"

"ನೀನು ದಿನಾ ಆವಪ್ಪನ್ ಪಕ್ಕ ಕುರ್ಚಿ ಆಕ್ಕಂಡು ಮೀಟಿಂಗ್ ಮಾಡ್ಬೇಕಲ್ಲ," ಎಂದು ರಾಚಮ್ಮ ಮುದ್ದೆ ಮುರಿದರು. "ಉಣ್ಣು, ಆರೋಯ್ತದೆ."

"ಮತ್ತೆ ಇವತ್ಯಾಕೆ ಯೋಳ್ದೆ?"

"ನೆಪ್ಪಿರ್ತದಾ ಅಂತ ಅವ್ರೇ ಕೇಳುದ್ರು."

ಮುಂದಿನ ಸಭೆಯಲ್ಲಿ ರಸ್ತೆ ಬಾಗಿಸುವ ನಿರ್ಣಯವನ್ನು ಗುರುಮಲ್ಲಪ್ಪನವರೇ ಮಂಡಿಸಿದರು. ವಾಹನಗಳು ವೇಗವಾಗಿ ಆವರಣಕ್ಕೆ ನುಗ್ಗಿ ಸಾರ್ವಜನಿಕರಿಗೆ ತೊಂದರೆಯಾಗದಿರಲಿ ಎಂಬ ಕಾರಣ ಕೊಟ್ಟರು. ಆ ಆವರಣಕ್ಕೆ ವೇಗವಾಗಿ ನುಗ್ಗಬಲ್ಲ ವಾಹನವೆಂದರೆ ಕಸದ ಟ್ರ್ಯಾಕ್ಟರ್ ಒಂದೇ. ಯಾರೂ ವಿರೋಧಿಸಲಿಲ್ಲ. ಬೇರೆ ಕಾರಣ ಬರೆಯಿಸಬೇಕೆ ಎಂದು ಚನ್ನಾಜಮ್ಮ ಒಂದು ಕ್ಷಣ ಯೋಚಿಸಿದರು. ರಸ್ತೆ ಬಾಗಿದರೆ ಸಾಕೆನಿಸಿ ಸಹಿ ಹಾಕಿದರು.

ಕಟ್ಟಡ ಮುಗಿಯಲು ಒಂದೂವರೆ ವರ್ಷ ಹಿಡಿಯಿತು. ಹೊಂಗೆ ಸಸಿ ಆಳೆತ್ತರ ಬಂದಿತ್ತು, ನೆರಳು ಇನ್ನೂ ಬಂದಿರಲಿಲ್ಲ. ಹೊಸ ಸಭಾಂಗಣದಲ್ಲಿ ಮೊದಲ ಸಭೆಯ ದಿನ ಚನ್ನಾಜಮ್ಮ ತಾಯಿಯನ್ನು ಕರೆತಂದು ಬೆಂಚಿನ ಮೇಲೆ ಕೂರಿಸಿದರು. ಅವ್ವ ಅಳಬಹುದು ಎಂದುಕೊಂಡು ಸೆರಗು ಸಿದ್ಧ ಮಾಡಿಕೊಂಡಿದ್ದರು. ರಾಚಮ್ಮ ಅಂಗೈಯಿಂದ ಕಲ್ಲು ಸವರಿ, "ಕಾಯ್ದದೆ" ಎಂದಷ್ಟೇ ಹೇಳಿ ಕಾಲು ಚಾಚಿದರು. ಅಳು ಬಂದದ್ದು ಚನ್ನಾಜಮ್ಮನವರಿಗೆ.

ಗುರುಮಲ್ಲಪ್ಪ ಬಂದರು. ಬೆಂಚಿನ ಮುಂದೆ ನಿಂತು, "ಚೆನ್ನಾಗಿದ್ದೀರಾ?" ಎಂದರು. ಅವರು ಆಕೆಯನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

"ಸಂದಾಗವ್ನಿ. ಚಿನ್ನಮ್ಮೋರು ಎಂಗವ್ರೆ?"

ಅಕ್ಕನಿಗೆ ಮಂಡಿ ನೋವು, ಹಾಸಿಗೆ ಹಿಡಿದಿದ್ದಾಳೆ, ಮೈಸೂರಿನಲ್ಲಿ ಮಗನ ಮನೆಯಲ್ಲಿದ್ದಾಳೆ ಎಂದು ಅವರು ನಿಂತೇ ಹೇಳಿದರು. ರಾಚಮ್ಮ ಎಲ್ಲವನ್ನೂ ಸಾವಧಾನವಾಗಿ ಕೇಳಿದರು. ಔಷಧಿ ಯಾವುದು, ಸೊಸೆ ಚೆನ್ನಾಗಿ ನೋಡಿಕೊಳ್ಳುತ್ತಾಳಾ ಎಂದು ಮತ್ತೆ ಮತ್ತೆ ಕೇಳಿದರು. ಗುರುಮಲ್ಲಪ್ಪ ಬಿಸಿಲಲ್ಲಿ ಬೆವರುತ್ತ ಉತ್ತರ ಕೊಟ್ಟರು. ಬೆಂಚಿನಲ್ಲಿ ಇನ್ನಿಬ್ಬರಿಗೆ ಜಾಗವಿತ್ತು. ಅವರು ತಾವಾಗಿ ಕೂರಲಿಲ್ಲ.

ಕೇಳುವುದೆಲ್ಲ ಮುಗಿದ ಮೇಲೆ ರಾಚಮ್ಮ ಸೆರಗು ಎಳೆದುಕೊಂಡು ಸ್ವಲ್ಪ ಸರಿದರು. "ಕೂತ್ಕಳಿ ಬುದ್ಧಿ."

ಗುರುಮಲ್ಲಪ್ಪ ಕುಳಿತರು. ಚನ್ನಾಜಮ್ಮ ಕಣ್ಣೊರೆಸಿಕೊಂಡು ಒಳಗೆ ಹೋಗಿ, ಉಪಾಧ್ಯಕ್ಷರು ಬರುವುದು ಸ್ವಲ್ಪ ತಡವಾಗುತ್ತದೆ ಎಂದು ತಿಳಿಸಿ ಸಭೆ ಶುರುಮಾಡಿದರು.