ಓದದೇ ಬಿಟ್ಟ ಚೀಟಿ

ಬಿಷಪ್ಪರಿಗೆ ವರ್ಷದಲ್ಲಿ ಒಂದೇ ದಿನ ಹೆದರಿಕೆ: ತೀರಿಹೋದವರ ಹೆಸರು ಓದುವ ಆರಾಧನೆಯ ದಿನ. ಮನೆಯವರು ಚೀಟಿಯಲ್ಲಿ ಹೆಸರು ಬರೆದು ಚರ್ಚಿನ ಬಾಗಿಲ ಬಳಿಯ ಪೆಟ್ಟಿಗೆಗೆ ಹಾಕುತ್ತಾರೆ, ಇವರು ಒಂದೊಂದಾಗಿ ಓದಿ ಪ್ರಾರ್ಥಿಸುತ್ತಾರೆ. ಇಷ್ಟಕ್ಕೆ ಹೆದರುವಂಥದ್ದೇನು? ಇತ್ತು ಸ್ವಾಮಿ, ಇತ್ತು.

ಅವರಿಗೆ ಹೆಸರು ತಂದದ್ದು ಬೈಬಲಿನ ಕೀರ್ತನೆಗಳ ಮೇಲಿನ ದಪ್ಪ ವ್ಯಾಖ್ಯಾನ. ಪಂಡಿತರು ತಲೆದೂಗಿದರು, ಪದವಿಗಳು ಹುಡುಕಿಕೊಂಡು ಬಂದವು, ಸಾಧಾರಣ ಪಾದ್ರಿ ಬಿಷಪ್ಪರಾದರು. ಅದರ ಒಂದಕ್ಷರವೂ ಅವರದಲ್ಲ. ಜೊತೆಗಿದ್ದ ಕಿರಿಯ ಪಾದ್ರಿ ಜ್ವರದಲ್ಲಿ ತೀರಿಕೊಂಡಾಗ ಅವನ ಮೇಜಿನ ಮೇಲಿದ್ದ ಹಸ್ತಪ್ರತಿಯನ್ನು ಎತ್ತಿಕೊಂಡು ಬಂದದ್ದು. ಮರುವರ್ಷದಿಂದಲೇ ಪೆಟ್ಟಿಗೆಯಲ್ಲಿ ಅವನ ಹೆಸರಿನ ಚೀಟಿ, ಹಸ್ತಪ್ರತಿಯ ಅದೇ ಬಾಗಿದ ಅಕ್ಷರದಲ್ಲಿ! ಮೂವತ್ತೊಂದು ವರ್ಷ ಅದನ್ನು ಓದದೇ ನಿಲುವಂಗಿಯ ಜೇಬಿಗೆ ತುರುಕಿದರು. ಆ ಹೆಸರು ಬಾಯಿಗೆ ಬಂದರೆ ಉಳಿದದ್ದೂ ಬಂದೀತೆಂಬ ಭಯ.

ಈ ಸಲ ಗಂಟೆ ಬಾರಿಸುವ ಮುದುಕ ಪೆಟ್ಟಿಗೆ ತಂದಿಟ್ಟು, ಮೇಲಿದ್ದ ಆ ಚೀಟಿ ತೋರಿಸಿ ನಕ್ಕ. “ಇದೊಂದು ಚೀಟಿ ಯಾರು ಹಾಕ್ತಾರೋ ನಾನು ಕಂಡೇ ಇಲ್ಲ, ಅಯ್ಯನವರೇ. ಸತ್ತೋರೇ ಬಂದು ಹಾಕ್ತಾರೋ ಏನೋ!”

ಬಿಷಪ್ಪರು ಪೆಟ್ಟಿಗೆಯನ್ನು ಹತ್ತಿರಕ್ಕೆಳೆದುಕೊಂಡರು. ಮುಂದಿನ ತಿಂಗಳು ನಿವೃತ್ತಿ. ಆಮೇಲೆ ಪೆಟ್ಟಿಗೆ ಬೇರೆಯವರ ಕೈಗೆ, ಆ ಹೆಸರು ಬೇರೆಯವರ ಬಾಯಿಗೆ.

ವೇದಿಕೆಯ ಮೇಲೆ ಆ ಚೀಟಿ ಕೈಗೆ ಬಂತು. ಆದದ್ದಾಗಲಿ ಎಂದು ಆ ಹೆಸರನ್ನು ಓದಿಯೇಬಿಟ್ಟರು. “ನನ್ನ ಹೆಸರಿನ ಪುಸ್ತಕ ಇವನದು. ನಾನು ಕದ್ದೆ,” ಅಂದರು.

ಕೊನೆಯ ಬೆಂಚಿನಿಂದ ಮುದುಕಿಯೊಬ್ಬಳು ಎದ್ದಳು. ಕಿರಿಯ ಪಾದ್ರಿಯ ತಂಗಿ. ಇವರು ಅವನ ಮನೆಗೆ ಹೋದಾಗಲೆಲ್ಲ ಟೀ ತಂದಿಟ್ಟು ಒಳಗೆ ಹೋಗುತ್ತಿದ್ದವಳು. ಗುರುತು ಹಿಡಿಯಲು ಬಿಷಪ್ಪರಿಗೆ ಹೊತ್ತು ಬೇಕಾಯಿತು.

“ಚೀಟಿ ಹಾಕಿದ್ದು ನಾನು, ಅಣ್ಣನಿಗೊಂದು ಪ್ರಾರ್ಥನೆ ಸಿಗಲಿ ಅಂತ. ಕೊನೆಗೂ ಓದಿದ್ರಲ್ಲ, ಸಾಕು. ಆದ್ರೆ ಪುಸ್ತಕ ಅವನದಲ್ಲ.”

“ಅಕ್ಷರ ಅವನದೇ ಅಲ್ವಾಮ್ಮ?”

“ಅವನ ಅಕ್ಷರ ನೀವು ಯಾವತ್ತು ನೋಡಿದ್ರಿ? ಅವನು ಚರ್ಚಿನಲ್ಲಿ ಓದೋ ಪ್ರಸಂಗಗಳನ್ನೂ ನಾನೇ ಬರೆದುಕೊಡ್ತಿದ್ದೆ. ಆ ಪುಸ್ತಕ ಹನ್ನೊಂದು ವರ್ಷ ಅಡುಗೆಮನೆ ಮೇಜಿನ ಮೇಲೆ ಬರೆದದ್ದು. ಅಚ್ಚಿಗೆ ಮುಂಚೆ ಒಂದ್ಸಲ ಓದು ಅಂತ ಅವನಿಗೆ ಕೊಟ್ಟಿದ್ದೆ.”

“ಅಯ್ಯೋ ದೇವರೇ! ಇಷ್ಟು ವರ್ಷ ಯಾಕೆ ಸುಮ್ಮನಿದ್ರಿ?”

“ಪಾದ್ರಿ ಸುಳ್ಳು, ಟೀ ಕೊಡೋಳು ನಿಜ ಅಂದ್ರೆ ಯಾರು ನಂಬ್ತಿದ್ರು?”

ಬಿಷಪ್ಪರು ವೇದಿಕೆ ಇಳಿದು ಅವಳ ಬಳಿಗೆ ಬಂದರು. ಸತ್ತವನಿಗೆ ಹೆದರುವ ಭರದಲ್ಲಿ, ಬದುಕಿರುವವಳನ್ನು ಮರೆತೇಬಿಟ್ಟಿದ್ದರು. ಈಗಲಾದರೂ ಅವಳ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕೆಂದು ಸಭೆಯ ಕಡೆ ತಿರುಗಿ ಬಾಯಿ ತೆರೆದರು. ಅವಳ ಹೆಸರು ಅವರಿಗೆ ಗೊತ್ತೇ ಇರಲಿಲ್ಲ.